ಸುಂಟರಗಾಳಿಯ ಮುನ್ಸೂಚನೆ: ಹೇಳಬೇಕೇ, ಬೇಡವೇ?

ಒಂದು ಪುಟ್ಟ ಲೆಕ್ಕದಿಂದ ಆರಂಭಿಸೋಣ. ಒಬ್ಬ ಹವಾಮಾನ ವೀಕ್ಷಕ ಮೂರು ತಿಂಗಳ ಅವಧಿಯಲ್ಲಿ 2803 ಮುನ್ಸೂಚನೆಗಳನ್ನು ನೀಡುತ್ತಾನೆ. ಪ್ರತಿಯೊಂದು ಮುನ್ಸೂಚನೆಯೂ ‘ಈ ಪ್ರದೇಶದಲ್ಲಿ ಸುಂಟರಗಾಳಿ ಏಳಬಹುದು’ ಅಥವಾ ‘ಏಳುವುದಿಲ್ಲ’ ಎಂಬ ಎರಡರಲ್ಲಿ ಒಂದು. ಕೊನೆಗೆ ತಾಳೆ ನೋಡಿದಾಗ 2708 ಮುನ್ಸೂಚನೆಗಳು ಸರಿಯಾಗಿದ್ದವು. ಅಂದರೆ ಶೇಕಡ 96.6ರಷ್ಟು ಯಶಸ್ಸು. ನೀವು ಪರೀಕ್ಷಕರಾಗಿದ್ದರೆ ಈತನನ್ನು ಮೊದಲ ದರ್ಜೆಯಲ್ಲಿ ತೇರ್ಗಡೆ ಮಾಡುತ್ತಿದ್ದಿರಿ, ಅಲ್ಲವೇ?

ಸ್ವಲ್ಪ ತಡೆಯಿರಿ. ಆ ಮೂರು ತಿಂಗಳಲ್ಲಿ ಏನನ್ನೂ ಓದದೆ, ಯಾವ ನಕ್ಷೆಯನ್ನೂ ನೋಡದೆ, 2803 ಬಾರಿಯೂ ‘ಸುಂಟರಗಾಳಿ ಏಳುವುದಿಲ್ಲ’ ಎಂದೇ ಹೇಳಿದ್ದರೆ ಆತನಿಗೆ ದೊರೆಯುತ್ತಿದ್ದ ಅಂಕ ಶೇಕಡ 98.2! ಎಚ್ಚರಿಕೆ ಕೊಡುವವನಿಗಿಂತ ಬಾಯಿ ಮುಚ್ಚಿ ಕುಳಿತವನಿಗೇ ಹೆಚ್ಚು ಅಂಕ.

ಇದು ಕಲ್ಪನೆಯ ಲೆಕ್ಕವಲ್ಲ. 1884ರಲ್ಲಿ ಅಮೆರಿಕದಲ್ಲಿ ನಿಜವಾಗಿ ನಡೆದ ಪ್ರಯೋಗ. ಹಳ್ಳಿ ಪಟ್ಟಣಗಳತ್ತ ಧಾವಿಸುವ ಸುಂಟರಗಾಳಿಯ ಜಾಡು ಹಿಡಿಯಲು ಮನುಷ್ಯ ನಡೆಸಿದ ಪ್ರಯತ್ನಗಳ ಇತಿಹಾಸವೆಲ್ಲ ಈ ಒಂದು ಲೆಕ್ಕದ ಸುತ್ತಲೇ ಸುತ್ತುತ್ತದೆ. ಎಚ್ಚರಿಸಿದರೆ ಹುಸಿಯಾಗಬಹುದು, ಎಚ್ಚರಿಸದಿದ್ದರೆ ಜನ ಸಾಯಬಹುದು. ಹೇಳಬೇಕೇ, ಬೇಡವೇ?

ಎತ್ತಿ ನಿಲ್ಲಿಸಿದ ಸುಳಿ

ಮೊದಲು ಸುಂಟರಗಾಳಿ ಎಂದರೇನು ಎಂದು ಸ್ಪಷ್ಟಪಡಿಸಿಕೊಳ್ಳೋಣ. ಬೇಸಿಗೆಯ ನಡುಹಗಲಿನಲ್ಲಿ ಬಯಲಿನ ಧೂಳು, ತರಗೆಲೆಗಳನ್ನು ಸುತ್ತಿಸಿಕೊಂಡು ಏಳುವ ಸುಳಿಗಾಳಿಯನ್ನು ನೀವು ನೋಡಿರುತ್ತೀರಿ. ಅದು ಕಾದ ನೆಲದಿಂದ ಮೇಲೇಳುವಂಥದು. ಅದಕ್ಕೆ ಮೋಡ ಬೇಕಿಲ್ಲ. ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ಚಂಡಮಾರುತವೂ ಬೇರೆ. ಅದರ ವ್ಯಾಸ ನೂರಾರು ಕಿ.ಮೀ., ಆಯುಷ್ಯ ಹಲವು ದಿನ. ಸುಂಟರಗಾಳಿ, ಅಂದರೆ ಟಾರ್ನೆಡೊ, ಭಾರೀ ಗುಡುಗುಮೋಡದ ಬುಡದಿಂದ ನೆಲದವರೆಗೆ ಇಳಿದ, ಗಿರಗಿರನೆ ತಿರುಗುವ ಗಾಳಿಯ ಕಂಬ. ಅದರ ಅಗಲ ಸಾಮಾನ್ಯವಾಗಿ ಕೆಲವು ನೂರು ಮೀಟರ್, ಆಯುಷ್ಯ ಹೆಚ್ಚಿನ ಬಾರಿ ಕೆಲವೇ ನಿಮಿಷ. ಆದರೆ ಅತ್ಯಂತ ತೀವ್ರವಾದವುಗಳಲ್ಲಿ ಗಾಳಿಯ ವೇಗ ಗಂಟೆಗೆ 400 ಕಿ.ಮೀ.ಗೂ ಮೀರುತ್ತದೆ. ಒಂದು ಬೀದಿಯ ಮನೆಗಳು ನೆಲಸಮವಾಗಿ, ಪಕ್ಕದ ಬೀದಿಯಲ್ಲಿ ಹೆಂಚೂ ಕದಲದಿರುವುದು ಇದರಿಂದಲೇ.

ಅಮೆರಿಕದ ನಡುನಾಡಿನ ಬಯಲುಗಳಲ್ಲಿ ಇದು ಹೆಚ್ಚು ಏಕೆ? ಅಲ್ಲಿ ವಸಂತಕಾಲದಲ್ಲಿ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚಗಿನ ತೇವಭರಿತ ಗಾಳಿ ನೆಲಮಟ್ಟದಲ್ಲಿ ಬರುತ್ತದೆ. ಅದರ ಮೇಲ್ಗಡೆ ಪಶ್ಚಿಮದಿಂದ ಒಣ ಗಾಳಿ ಹೆಚ್ಚಿನ ವೇಗದಿಂದ ಬೀಸುತ್ತದೆ. ಕೆಳಗಿನ ಗಾಳಿ ನಿಧಾನ, ಮೇಲಿನದು ವೇಗ, ದಿಕ್ಕೂ ಬೇರೆ. ಇವೆರಡರ ನಡುವಿನ ಗಾಳಿ, ಮಣೆಯ ಮೇಲೆ ಲಟ್ಟಣಿಗೆ ಉರುಳುವಂತೆ, ಮಲಗಿದ ಸ್ಥಿತಿಯಲ್ಲೇ ಉರುಳತೊಡಗುತ್ತದೆ. ಗುಡುಗುಮೋಡದೊಳಕ್ಕೆ ರಭಸದಿಂದ ಏರುವ ಬಿಸಿಗಾಳಿ ಈ ಲಟ್ಟಣಿಗೆಯನ್ನು ಎತ್ತಿ ನೆಟ್ಟಗೆ ನಿಲ್ಲಿಸುತ್ತದೆ. ಆಗ ಇಡೀ ಮೋಡವೇ ನಿಧಾನವಾಗಿ ತಿರುಗತೊಡಗುತ್ತದೆ. ಹೀಗೆ ತಿರುಗುವ ಮಹಾಮೋಡವನ್ನು ಸೂಪರ್‌ಸೆಲ್ ಎನ್ನುತ್ತಾರೆ. ಉಗ್ರ ಸುಂಟರಗಾಳಿಗಳ ತಾಯಿ ಇದೇ. ಆದರೆ ಇಲ್ಲೊಂದು ತೊಡಕಿದೆ, ಮುಂದೆ ಇದು ಮುಖ್ಯವಾಗುತ್ತದೆ: ತಿರುಗುವ ಮೋಡಗಳಲ್ಲಿ ಬಹುಪಾಲು ಸುಂಟರಗಾಳಿಯನ್ನು ಹೆರುವುದೇ ಇಲ್ಲ. ಯಾವುದು ಹೆರುತ್ತದೆ, ಯಾವುದು ಇಲ್ಲ ಎಂಬುದು ಇಂದಿಗೂ ಪೂರ್ತಿ ಬಿಡಿಸದ ಒಗಟು.

ಫಿನ್ಲೆಯ ಪ್ರಯೋಗ

1884ರ ಮುನ್ಸೂಚಕನ ಹೆಸರು ಜಾನ್ ಪಾರ್ಕ್ ಫಿನ್ಲೆ. ಆಗ ಅಮೆರಿಕದಲ್ಲಿ ಹವಾಮಾನ ವೀಕ್ಷಣೆ ಸೈನ್ಯದ ಸಿಗ್ನಲ್ ಕೋರ್‌ನ ಹೊಣೆಯಾಗಿತ್ತು. ಅದರಲ್ಲಿದ್ದ ಫಿನ್ಲೆ ಹಿಂದೆ ಬಂದುಹೋದ ನೂರಾರು ಸುಂಟರಗಾಳಿಗಳ ವಿವರಗಳನ್ನು ಸಂಗ್ರಹಿಸಿದ. ಅವು ಎದ್ದ ದಿನಗಳ ಹವಾ ನಕ್ಷೆಗಳನ್ನು ಹೋಲಿಸಿ ನೋಡಿದ. ಊರೂರುಗಳಲ್ಲಿ ಸುದ್ದಿ ಕಳಿಸುವ ಸಾವಿರಾರು ಸ್ವಯಂಸೇವಕರನ್ನು ಗೊತ್ತುಮಾಡಿದ. ರಾಕಿ ಪರ್ವತಗಳ ಪೂರ್ವಕ್ಕಿರುವ ನಾಡನ್ನು 18 ವಿಭಾಗಗಳಾಗಿ ವಿಂಗಡಿಸಿ, ಪ್ರತಿ ವಿಭಾಗಕ್ಕೂ ಪ್ರಾಯೋಗಿಕ ಮುನ್ಸೂಚನೆ ಬರೆದ.

ಫಲಿತಾಂಶವನ್ನು ಬಿಡಿಸಿ ನೋಡಿ. ‘ಸುಂಟರಗಾಳಿ ಏಳಬಹುದು’ ಎಂದು 100 ಬಾರಿ ಹೇಳಿದ್ದ. 28 ಬಾರಿ ನಿಜವಾಯಿತು, 72 ಬಾರಿ ಹುಸಿಯಾಯಿತು. ‘ಏಳುವುದಿಲ್ಲ’ ಎಂದಿದ್ದ 2703 ಸಂದರ್ಭಗಳಲ್ಲಿ 23 ಬಾರಿ ಸುಂಟರಗಾಳಿ ಎದ್ದೇಬಿಟ್ಟಿತು. ಉಳಿದ 2680 ಬಾರಿ ಏನೂ ಆಗಲಿಲ್ಲ. ಫಿನ್ಲೆಯ ದೊಡ್ಡ ಅಂಕಕ್ಕೆ ಕಾರಣ ಏನೂ ಆಗದ ಈ 2680 ಸಂದರ್ಭಗಳೇ.

ಇದನ್ನು ಎತ್ತಿ ತೋರಿಸಿದವರಲ್ಲಿ ಅದೇ ವರ್ಷ ಲೇಖನ ಬರೆದ ಜಿ.ಕೆ. ಗಿಲ್ಬರ್ಟ್ ಮುಖ್ಯ. ವೃತ್ತಿಯಲ್ಲಿ ಆತ ಭೂವಿಜ್ಞಾನಿ. ಅಪರೂಪದ ಘಟನೆಯ ಮುನ್ಸೂಚನೆಯನ್ನು ಅಳೆಯುವಾಗ ‘ಏನೂ ಇಲ್ಲ ಎಂದೆ, ಏನೂ ಆಗಲಿಲ್ಲ’ ಎಂಬ ಸುಲಭದ ಯಶಸ್ಸನ್ನು ಲೆಕ್ಕದಿಂದ ಹೊರಗಿಡಬೇಕು ಎಂಬುದು ಆತನ ವಾದ. ಆಗ ಉಳಿಯುವುದು 28 ಸರಿ, 72 ಹುಸಿ, 23 ತಪ್ಪಿಹೋದದ್ದು, ಒಟ್ಟು 123. ಇದರಲ್ಲಿ 28 ಎಂದರೆ ಶೇಕಡ 23ಕ್ಕೂ ತುಸು ಕಡಿಮೆ. ಫಿನ್ಲೆಯ ನಿಜವಾದ ಅಂಕ ಇದು. ಹವಾಮಾನ ವಿಜ್ಞಾನಿಗಳು ಇಂದಿಗೂ ಇದೇ ಬಗೆಯ ಅಳತೆಗೋಲನ್ನು ಬಳಸುತ್ತಾರೆ.

ಆದರೆ ಇದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ನೋಡಿ. ಬಂದ 51 ಸಂದರ್ಭಗಳಲ್ಲಿ 28ನ್ನು, ಅರ್ಧಕ್ಕಿಂತ ಹೆಚ್ಚನ್ನು, ಫಿನ್ಲೆ ಮೊದಲೇ ಊಹಿಸಿದ್ದ. ಉಪಗ್ರಹ, ರೇಡಾರ್, ಗಣಕ ಯಾವುದೂ ಇಲ್ಲದ ಕಾಲದಲ್ಲಿ ಇದು ಅಲ್ಪ ಸಾಧನೆಯೇನಲ್ಲ.

ನಿಷಿದ್ಧವಾದ ಪದ

ಮೇಲಧಿಕಾರಿಗಳು ಮಾತ್ರ ಹಾಗೆ ನೋಡಲಿಲ್ಲ. ‘ಟಾರ್ನೆಡೊ’ ಎಂಬ ಪದ ಕೇಳಿದರೆ ಸಾಕು, ಜನ ಗಾಬರಿಯಾಗಿ ದಿಕ್ಕಾಪಾಲಾಗುತ್ತಾರೆ. ಗಾಳಿಯಿಂದ ಆಗುವುದಕ್ಕಿಂತ ಹೆಚ್ಚಿನ ಹಾನಿ ಭೀತಿಯಿಂದಲೇ ಆದೀತು ಎಂದು ಅವರು ನಂಬಿದರು. ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ಆತಂಕವೂ ಇತ್ತು. 1880ರ ದಶಕ ಮುಗಿಯುವ ಮೊದಲೇ ಫಿನ್ಲೆಯ ಕೆಲಸ ನಿಂತಿತು. ಮುನ್ಸೂಚನೆಗಳಲ್ಲಿ ಆ ಪದವನ್ನು ಬಳಸುವಂತಿಲ್ಲ ಎಂದಾಯಿತು. 1891ರಲ್ಲಿ ಹವಾಮಾನ ಸೇವೆ ಸೈನ್ಯದಿಂದ ಕೃಷಿ ಇಲಾಖೆಯ ವೆದರ್ ಬ್ಯೂರೊಗೆ ವರ್ಗವಾದ ಮೇಲೂ ಈ ಧೋರಣೆ ಮುಂದುವರಿಯಿತು. ‘ಉಗ್ರ ಗುಡುಗುಮಳೆ’, ‘ಬಿರುಗಾಳಿ’ ಎನ್ನಬಹುದಿತ್ತು. ‘ಟಾರ್ನೆಡೊ’ ಎನ್ನುವಂತಿರಲಿಲ್ಲ.

ಮೌನದ ಬೆಲೆ ಎಷ್ಟು? 1925ರ ಮಾರ್ಚ್ 18ರಂದು ಮಧ್ಯಾಹ್ನ ಮಿಸೌರಿ ರಾಜ್ಯದಲ್ಲಿ ನೆಲ ಮುಟ್ಟಿದ ಸುಂಟರಗಾಳಿಯೊಂದು ಇಲಿನಾಯ್ ರಾಜ್ಯವನ್ನು ಸೀಳಿಕೊಂಡು ಇಂಡಿಯಾನದವರೆಗೆ ಓಡಿತು. ಸುಮಾರು 350 ಕಿ.ಮೀ. ದೂರ, ಮೂರೂವರೆ ಗಂಟೆ ಕಾಲ, ಗಂಟೆಗೆ ಸರಾಸರಿ 100 ಕಿ.ಮೀ. ವೇಗದಲ್ಲಿ! ಸತ್ತವರು 695 ಮಂದಿ. ಅವರಲ್ಲಿ 234 ಮಂದಿ ಮರ್ಫಿಸ್‌ಬರೊ ಎಂಬ ಒಂದೇ ಊರಿನವರು. ಮಳೆ ಧೂಳುಗಳು ಸುತ್ತಿಕೊಂಡಿದ್ದರಿಂದ ಪರಿಚಿತ ಸೊಂಡಿಲಿನ ಆಕಾರ ಹಲವರಿಗೆ ಕಾಣಿಸಲೇ ಇಲ್ಲ. ಬರುತ್ತಿರುವುದು ಮಳೆಮೋಡ ಎಂದುಕೊಂಡರು.

ಗಮನಿಸಿ: ಅದು ಮೂರೂವರೆ ಗಂಟೆ ಓಡಿತು. ಅಂದಿಗಾಗಲೇ ತಂತಿ ಸೇವೆ ಇತ್ತು, ದೂರವಾಣಿ ಇತ್ತು, ರೇಡಿಯೊ ಕೇಂದ್ರಗಳೂ ಆರಂಭವಾಗಿದ್ದವು. ಹಿಂದಿನ ಊರು ನಾಶವಾದ ಸುದ್ದಿ ಮುಂದಿನ ಊರಿಗೆ ತಲುಪಿದ್ದರೆ ಎಷ್ಟೋ ಜನ ನೆಲಮಾಳಿಗೆ ಸೇರಬಹುದಿತ್ತು. ಆದರೆ ನೋಡಿದವನಿಂದ ನೋಡಬೇಕಾದವನಿಗೆ ಸುದ್ದಿ ದಾಟಿಸುವುದು ಯಾರ ಹೊಣೆಯೂ ಆಗಿರಲಿಲ್ಲ.

ಆ ಪದದ ಮೇಲಿನ ನಿಷೇಧ 1938ರಲ್ಲಿ ಸಡಿಲಗೊಂಡಿತು. ಅದೂ ರಕ್ಷಣಾ ಕಾರ್ಯದವರಿಗೆ ತಿಳಿಸುವ ಮಟ್ಟಿಗೆ ಮಾತ್ರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡು ಕಾರ್ಖಾನೆಗಳಿಗೆ ಸಿಡಿಲಿನ ಭಯ ಕಾಡಿತು. ಅವುಗಳ ಸುತ್ತ ಗುಡುಗುಮೋಡ ಬರುವುದನ್ನು ನೋಡಿ ತಿಳಿಸುವ ವೀಕ್ಷಕರ ಜಾಲಗಳು ಏರ್ಪಟ್ಟವು. ಯುದ್ಧ ಮುಗಿದರೂ ಹಲವು ಜಾಲಗಳು ಉಳಿದುಕೊಂಡು ಸುಂಟರಗಾಳಿಯ ಕಾವಲಿಗೆ ನಿಂತವು.

ಟಿಂಕರ್ ವಾಯುನೆಲೆಯ ಐದು ದಿನಗಳು

1948ರ ಮಾರ್ಚ್ 20ರ ರಾತ್ರಿ ಒಕ್ಲಹೋಮ ರಾಜ್ಯದ ಟಿಂಕರ್ ವಾಯುನೆಲೆಗೆ ಸುಂಟರಗಾಳಿ ಬಡಿಯಿತು. ಯಾವ ಎಚ್ಚರಿಕೆಯೂ ಇರಲಿಲ್ಲ. ಬಯಲಿನಲ್ಲಿ ನಿಂತಿದ್ದ ವಿಮಾನಗಳು ಒಂದರ ಮೇಲೊಂದು ಬಿದ್ದು ಪುಡಿಯಾದವು. ನಷ್ಟ ಅಂದಿನ ಲೆಕ್ಕದಲ್ಲಿ ಒಂದು ಕೋಟಿ ಡಾಲರ್. ನೆಲೆಯ ದಂಡನಾಯಕ ಜನರಲ್ ಬೋರಮ್, ಅಲ್ಲಿನ ಹವಾಮಾನ ಅಧಿಕಾರಿಗಳಾದ ಮೇಜರ್ ಅರ್ನೆಸ್ಟ್ ಫಾಬುಷ್ ಮತ್ತು ಕ್ಯಾಪ್ಟನ್ ರಾಬರ್ಟ್ ಮಿಲ್ಲರ್ ಅವರನ್ನು ಕರೆದು, ಇದನ್ನು ಮೊದಲೇ ತಿಳಿಯಲು ಸಾಧ್ಯವೇ ನೋಡಿ ಎಂದು ಆಜ್ಞಾಪಿಸಿದ. ಅವರಿಬ್ಬರೂ ಹಳೆಯ ನಕ್ಷೆಗಳನ್ನು ಹರವಿಕೊಂಡು ಕುಳಿತರು. ಅರವತ್ತು ವರ್ಷ ಹಿಂದೆ ಫಿನ್ಲೆ ಮಾಡಿದ್ದೂ ಇದನ್ನೇ! ವ್ಯತ್ಯಾಸವೆಂದರೆ ಈಗ ಬಲೂನುಗಳಿಂದ ದೊರೆತ ಮೇಲ್ವಾತಾವರಣದ ಮಾಹಿತಿಯೂ ಕೈಯಲ್ಲಿತ್ತು.

ಮಾರ್ಚ್ 25ರ ಬೆಳಗಿನ ನಕ್ಷೆ ನೋಡಿದಾಗ ಇಬ್ಬರಿಗೂ ಎದೆ ಝಲ್ಲೆಂದಿತು. ಐದು ದಿನಗಳ ಹಿಂದಿನ ನಕ್ಷೆಯ ಪಡಿಯಚ್ಚಿನಂತಿತ್ತು ಅದು. ಒಂದೇ ಜಾಗಕ್ಕೆ ಐದು ದಿನಗಳಲ್ಲಿ ಎರಡು ಬಾರಿ ಸುಂಟರಗಾಳಿ ಬಡಿಯುವ ಸಂಭವ ಎರಡು ಕೋಟಿಯಲ್ಲಿ ಒಂದು ಎಂದು ಅಂದಾಜು. ಏನು ಮಾಡುವುದು? ಜನರಲ್ ನೇರವಾಗಿ ಕೇಳಿದ: ಮುನ್ಸೂಚನೆ ಹೊರಡಿಸುತ್ತೀರೋ, ಇಲ್ಲವೋ? ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಅವರು ಹೊರಡಿಸಿದರು. ವಿಮಾನಗಳನ್ನು ಹ್ಯಾಂಗರ್‌ಗಳಿಗೆ ಸೇರಿಸಿದರು, ಬಿಡಿ ಸಾಮಾನುಗಳನ್ನು ಬಿಗಿದು ಕಟ್ಟಿದರು, ಸಿಬ್ಬಂದಿಯನ್ನು ಸುರಕ್ಷಿತ ಸ್ಥಳಗಳಿಗೆ ಕಳಿಸಿದರು. ಸಂಜೆಯಾಗುತ್ತ ಬಂದರೂ ಏನೂ ಆಗಲಿಲ್ಲ. ಕೆಲಸ ಹೋದರೆ ಲಿಫ್ಟ್ ನಡೆಸುವ ಉದ್ಯೋಗವಾದರೂ ಸಿಕ್ಕೀತೇ ಎಂದು ತಾನು ಚಿಂತಿಸತೊಡಗಿದ್ದುದನ್ನು ಮಿಲ್ಲರ್ ಮುಂದೆ ನೆನಪಿಸಿಕೊಂಡಿದ್ದಾನೆ.

ಆರು ಗಂಟೆಯ ಸುಮಾರಿಗೆ ಸುಂಟರಗಾಳಿ ವಾಯುನೆಲೆಯನ್ನು ಹಾದುಹೋಯಿತು. ಸುಮಾರು 60 ಲಕ್ಷ ಡಾಲರ್ ನಷ್ಟವಾಯಿತು. ಜೀವಹಾನಿ ಆಗಲಿಲ್ಲ.

ಇದರಲ್ಲಿ ಅದೃಷ್ಟದ ಪಾಲೂ ಇತ್ತೆಂಬುದು ನಿಜ. ಅಷ್ಟು ಕರಾರುವಾಕ್ಕಾಗಿ ಒಂದೇ ವಾಯುನೆಲೆಗೆ ಮೂರು ಗಂಟೆ ಮುಂಚೆ ಸುಂಟರಗಾಳಿಯನ್ನು ಹೇಳಲು ಇಂದಿಗೂ ಯಾರಿಂದಲೂ ಆಗದು. ಆದರೆ ಸುಂಟರಗಾಳಿಗೆ ಅನುಕೂಲವಾದ ದಿನವನ್ನು ಗುರುತಿಸಬಹುದು ಎಂಬುದು ಸಾಬೀತಾಯಿತು. ವಾಯುಪಡೆಗೆ ಸಿಗುವ ಎಚ್ಚರಿಕೆ ತಮಗೇಕಿಲ್ಲ ಎಂದು ನಾಗರಿಕರು ಕೇಳತೊಡಗಿದರು. 1950ರ ಜುಲೈನಲ್ಲಿ ವೆದರ್ ಬ್ಯೂರೊದ ಮುಖ್ಯಸ್ಥ ಫ್ರಾನ್ಸಿಸ್ ರೈಕೆಲ್ಡರ್ಫರ್, ‘ಟಾರ್ನೆಡೊ’ ಪದದ ಬಳಕೆಗೆ ಅಡ್ಡಿಯಿಲ್ಲವೆಂದು ತನ್ನ ಕೇಂದ್ರಗಳಿಗೆ ಸುತ್ತೋಲೆ ಕಳಿಸಿದ. 1952ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗಾಗಿ ಮುನ್ಸೂಚನೆಗಳು ಆರಂಭವಾದವು.

ಪರದೆಯ ಮೇಲೊಂದು ಕೊಕ್ಕೆ

ದಿನವನ್ನು ಹೇಳುವುದು ಒಂದು ಕೆಲಸ. ಎದ್ದಿರುವ ಬಿರುಗಾಳಿ ಈಗ ಎಲ್ಲಿದೆ, ಯಾವ ಊರಿನ ಕಡೆ ಹೊರಟಿದೆ ಎಂದು ಹೇಳುವುದು ಇನ್ನೊಂದು. ಈ ಎರಡನೆಯ ಕೆಲಸಕ್ಕೆ ನೆರವಾದದ್ದು ಯುದ್ಧಕಾಲದ ಕೊಡುಗೆಯಾದ ರೇಡಾರ್. ಶತ್ರು ವಿಮಾನಗಳನ್ನು ಹುಡುಕುವಾಗ ಮಳೆಯೂ ಪರದೆಯ ಮೇಲೆ ಕಲೆಯಂತೆ ಕಾಣುತ್ತಿತ್ತು. ಅಂದು ಅದು ಕಿರಿಕಿರಿ. ಯುದ್ಧ ಮುಗಿದ ಮೇಲೆ ಹವಾಮಾನ ವಿಜ್ಞಾನಿಗಳಿಗೆ ವರ.

1953ರ ಏಪ್ರಿಲ್ 9ರಂದು ಇಲಿನಾಯ್ ರಾಜ್ಯದ ಶಾಂಪೇನ್ ಎಂಬಲ್ಲಿ ಮಳೆಯ ಪ್ರಮಾಣ ಅಳೆಯಲೆಂದು ಇಟ್ಟಿದ್ದ ರೇಡಾರ್ ಮುಂದೆ ಡೊನಾಲ್ಡ್ ಸ್ಟ್ಯಾಗ್ಸ್ ಎಂಬ ತಂತ್ರಜ್ಞ ಕುಳಿತಿದ್ದ. ಮಳೆಮೋಡದ ಬಿಂಬದ ಅಂಚಿನಿಂದ ಒಂದು ಬಾಲ ಹೊರಟು ಕೊಕ್ಕೆಯಂತೆ ಬಾಗುತ್ತಿರುವುದನ್ನು ಕಂಡು ಅದನ್ನು ಚಿತ್ರೀಕರಿಸಿದ. ಅದೇ ಹೊತ್ತಿನಲ್ಲಿ, ಅದೇ ಜಾಗದಲ್ಲಿ ಸುಂಟರಗಾಳಿ ನೆಲದ ಮೇಲಿತ್ತು ಎಂದು ಆಮೇಲೆ ತಿಳಿಯಿತು. ತಿರುಗುವ ಮೋಡವು ಮಳೆಹನಿಗಳನ್ನು ತನ್ನ ಸುತ್ತ ಎಳೆದುಕೊಳ್ಳುವುದರಿಂದ ಆ ಕೊಕ್ಕೆ ಮೂಡುತ್ತದೆ. ಸುಂಟರಗಾಳಿಗೆ ರೇಡಾರಿನಲ್ಲಿ ಒಂದು ಗುರುತು ಇದೆ ಎಂದು ದಾಖಲೆಯಾದದ್ದು ಇದೇ ಮೊದಲು.

ಆ ವರ್ಷವೇ ಅದರ ಅಗತ್ಯವೂ ರಕ್ತದಲ್ಲಿ ಬರೆದಂತೆ ತೋರಿಬಂತು. ಮೇ 11ರಂದು ಟೆಕ್ಸಾಸ್‌ನ ವೇಕೊ ನಗರದಲ್ಲಿ 114 ಮಂದಿ, ಜೂನ್ 8ರಂದು ಮಿಷಿಗನ್‌ನ ಫ್ಲಿಂಟ್ ಬಳಿ 116 ಮಂದಿ, ಮರುದಿನ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ 94 ಮಂದಿ ಸುಂಟರಗಾಳಿಗೆ ಬಲಿಯಾದರು. 1950ರ ದಶಕದ ಕೊನೆಗೆ ಹವಾಮಾನಕ್ಕೆಂದೇ ರೂಪಿಸಿದ ರೇಡಾರ್‌ಗಳ ಜಾಲ ಹರಡತೊಡಗಿತು.

ನಿಗಾ ಮತ್ತು ಎಚ್ಚರಿಕೆ

ಆದರೆ ಸಾಧನ ಬಂದ ಮಾತ್ರಕ್ಕೆ ಸುದ್ದಿ ತಲುಪುವುದಿಲ್ಲ. 1965ರ ಏಪ್ರಿಲ್ 11, ಕ್ರೈಸ್ತರ ಗರಿಗಳ ಭಾನುವಾರ. ಮಧ್ಯಪಶ್ಚಿಮದ ರಾಜ್ಯಗಳಲ್ಲಿ ಹತ್ತಾರು ಸುಂಟರಗಾಳಿಗಳು ಎದ್ದು 250ಕ್ಕೂ ಹೆಚ್ಚು ಜನರನ್ನು ಕೊಂದವು. ಮುನ್ಸೂಚನೆಗಳು ಸಕಾಲದಲ್ಲಿ ಹೊರಟಿದ್ದವು. ಆದರೂ ಹಲವರಿಗೆ ತಲುಪಲಿಲ್ಲ. ತಲುಪಿದವರಲ್ಲೂ ಅನೇಕರಿಗೆ ಅರ್ಥವಾಗಲಿಲ್ಲ. ‘ಏಳುವ ಸಂಭವವಿದೆ’ ಎಂಬುದಕ್ಕೂ ‘ಎದ್ದಿದೆ, ನಿಮ್ಮತ್ತ ಬರುತ್ತಿದೆ’ ಎಂಬುದಕ್ಕೂ ಇರುವ ಅಂತರ ಜನರಿಗೆ ಸ್ಪಷ್ಟವಿರಲಿಲ್ಲ.

ಪರಿಶೀಲನೆಯ ನಂತರ ಎರಡು ಹಂತದ ಪದಗಳು ನೆಲೆಗೊಂಡವು. ಮೊದಲನೆಯದು ‘ನಿಗಾ’: ಮುಂದಿನ ಕೆಲವು ಗಂಟೆಗಳಲ್ಲಿ ವಿಶಾಲ ಪ್ರದೇಶವೊಂದರಲ್ಲಿ ಸುಂಟರಗಾಳಿ ಏಳುವ ಸಂಭವವಿದೆ, ಕಿವಿ ತೆರೆದಿರಿ. ಎರಡನೆಯದು ‘ಎಚ್ಚರಿಕೆ’: ಸುಂಟರಗಾಳಿ ಕಂಡಿದೆ ಅಥವಾ ರೇಡಾರ್ ಸೂಚಿಸಿದೆ, ಕೂಡಲೇ ಆಶ್ರಯಕ್ಕೆ ಹೋಗಿ. ಊರುಗಳಲ್ಲಿ ಸೈರನ್ ಮೊಳಗಿಸುವ ವ್ಯವಸ್ಥೆ, ಶಾಲೆಗಳಲ್ಲಿ ಅಣಕು ತಾಲೀಮು, ಸಾಮಾನ್ಯ ಜನರಿಗೆ ವೀಕ್ಷಕ ತರಬೇತಿ ಇವೆಲ್ಲ ಬಲಗೊಂಡವು.

ಮುನ್ಸೂಚನೆ ನಿಜವಾಯಿತೇ ಎಂದು ಹೇಗೆ ತಾಳೆ ನೋಡುವುದು? ಸುಂಟರಗಾಳಿಯೊಳಗೆ ಇಟ್ಟ ಮಾಪಕ ಉಳಿಯುವುದು ಕಷ್ಟ. ಇಲ್ಲಿ ದಾರಿ ತೋರಿದವನು ಜಪಾನಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯ ಸೇರಿದ ತೆತ್ಸುಯ ಫುಜಿಟ. 1945ರಲ್ಲಿ ಪರಮಾಣು ಬಾಂಬಿಗೆ ತುತ್ತಾದ ನಾಗಸಾಕಿ, ಹಿರೋಷಿಮಗಳಲ್ಲಿ ಮರಗಳು ಬಿದ್ದಿದ್ದ ದಿಕ್ಕನ್ನು ಅಭ್ಯಸಿಸಿದ್ದ ಆತ, ಅದೇ ಕಣ್ಣಿನಿಂದ ಸುಂಟರಗಾಳಿ ಹಾದುಹೋದ ದಾರಿಗಳನ್ನು ಓದಿದ. ಮುರಿದ ಮನೆ, ಬುಡಮೇಲಾದ ಮರಗಳಿಂದ ಗಾಳಿಯ ಬಲವನ್ನು ಅಂದಾಜಿಸುವ ಆತನ ಮಾನಕ 1971ರಲ್ಲಿ ಪ್ರಕಟವಾಯಿತು. ಅದರ ಪರಿಷ್ಕೃತ ರೂಪ 2007ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. 1974ರ ಏಪ್ರಿಲ್ 3 ಮತ್ತು 4ರಂದು 13 ರಾಜ್ಯಗಳಲ್ಲಿ 148 ಸುಂಟರಗಾಳಿಗಳು ಎದ್ದು 300ಕ್ಕೂ ಹೆಚ್ಚು ಜನ ಸತ್ತಾಗ, ಫುಜಿಟ ಮತ್ತು ಸಂಗಡಿಗರು ವಿಮಾನದಿಂದ ಆ ಜಾಡುಗಳನ್ನೆಲ್ಲ ನಕ್ಷೆಗಿಳಿಸಿದರು.

ಗಾಳಿಯ ವೇಗ ಕಂಡ ರೇಡಾರ್

ಸಾಮಾನ್ಯ ರೇಡಾರ್ ಮಳೆ ಎಲ್ಲಿದೆ ಎಂದು ಹೇಳುತ್ತದೆ. ಗಾಳಿ ಹೇಗೆ ತಿರುಗುತ್ತಿದೆ ಎಂದು ಹೇಳದು. ನಿಲ್ದಾಣದಲ್ಲಿ ನಿಲ್ಲದೆ ಹಾದುಹೋಗುವ ರೈಲಿನ ಸಿಳ್ಳು ಸಮೀಪಿಸುವಾಗ ಕೀರಲಾಗಿ, ದೂರ ಸರಿಯುವಾಗ ಗಡಸಾಗಿ ಕೇಳುವುದು ನಿಮಗೆ ಗೊತ್ತು. ಈ ಡಾಪ್ಲರ್ ಪರಿಣಾಮವನ್ನು ರೇಡಾರ್ ಅಲೆಗಳಿಗೆ ಅನ್ವಯಿಸಿದರೆ ಮಳೆಹನಿಗಳು ರೇಡಾರಿನತ್ತ ಬರುತ್ತಿವೆಯೇ, ದೂರ ಸರಿಯುತ್ತಿವೆಯೇ, ಎಷ್ಟು ವೇಗದಲ್ಲಿ ಎಂಬುದು ತಿಳಿಯುತ್ತದೆ. ಪಕ್ಕಪಕ್ಕದಲ್ಲೇ ಒಂದು ಕಡೆ ಹತ್ತಿರ ಬರುವ ಹನಿಗಳು, ಇನ್ನೊಂದು ಕಡೆ ದೂರ ಓಡುವ ಹನಿಗಳು ಕಂಡರೆ ಅಲ್ಲಿ ಗಾಳಿ ಸುತ್ತುತ್ತಿದೆ ಎಂದೇ ಅರ್ಥ.

1973ರ ಮೇ 24ರಂದು ಒಕ್ಲಹೋಮದ ಯೂನಿಯನ್ ಸಿಟಿ ಎಂಬ ಪುಟ್ಟ ಊರಿಗೆ ಸುಂಟರಗಾಳಿ ಬಡಿಯಿತು. ನಾರ್ಮನ್ ಪಟ್ಟಣದಲ್ಲಿರುವ ರಾಷ್ಟ್ರೀಯ ಉಗ್ರ ಬಿರುಗಾಳಿ ಪ್ರಯೋಗಾಲಯದ ಡಾಪ್ಲರ್ ರೇಡಾರ್ ಅದರ ಮೇಲೆ ಕಣ್ಣಿಟ್ಟಿತ್ತು. ಹಿಂಬಾಲಿಸಿ ಹೋದ ತಂಡಗಳು ನೆಲದಿಂದ ಚಿತ್ರೀಕರಿಸಿದವು. ಎರಡನ್ನೂ ಹೊಂದಿಸಿ ನೋಡಿದಾಗ ಅಚ್ಚರಿಯ ಸಂಗತಿ ಹೊರಬಿತ್ತು. ಸುಂಟರಗಾಳಿ ನೆಲ ಮುಟ್ಟುವ ಮೊದಲೇ ಅದರ ಸುಳಿ ಮೋಡದ ಮಧ್ಯಭಾಗದಲ್ಲಿ ಮೂಡಿತ್ತು! 1970ರ ದಶಕದ ಕೊನೆಯಲ್ಲಿ ನಡೆದ ಜಂಟಿ ಪರೀಕ್ಷೆಯಲ್ಲಿ ಡಾಪ್ಲರ್ ನೆರವಿನ ಎಚ್ಚರಿಕೆ ಸರಾಸರಿ 21 ನಿಮಿಷ ಮುಂಚಿತವಾಗಿ ದೊರೆಯಿತು. ಹಳೆಯ ವಿಧಾನದಲ್ಲಿ ದೊರೆಯುತ್ತಿದ್ದುದು ಸುಮಾರು 2 ನಿಮಿಷ. ಹೊಸ್ತಿಲು ದಾಟುವ ಸಮಯಕ್ಕೂ ನೆಲಮಾಳಿಗೆ ಸೇರಿ ಬಾಗಿಲು ಹಾಕಿಕೊಳ್ಳುವ ಸಮಯಕ್ಕೂ ಇರುವ ವ್ಯತ್ಯಾಸ ಇದು. 1990ರ ದಶಕದಲ್ಲಿ ಸುಮಾರು 160 ಡಾಪ್ಲರ್ ರೇಡಾರ್‌ಗಳ ಜಾಲ ಅಮೆರಿಕವನ್ನು ಆವರಿಸಿತು. ಪ್ರಯೋಗದ 21 ನಿಮಿಷ ದಿನನಿತ್ಯದ ಸೇವೆಯಲ್ಲಿ ದೊರೆಯದಿದ್ದರೂ 2000ರ ದಶಕದಲ್ಲಿ ಸರಾಸರಿ 13 ನಿಮಿಷಗಳಷ್ಟು ದೊರೆಯಿತು.

ಇದರ ಫಲ 1999ರ ಮೇ 3ರಂದು ಕಂಡಿತು. ಒಕ್ಲಹೋಮ ಸಿಟಿಯ ಹೊರವಲಯವನ್ನು ಅತ್ಯುಗ್ರ ಸುಂಟರಗಾಳಿಯೊಂದು ಹಾದು ಸುಮಾರು 8000 ಕಟ್ಟಡಗಳಿಗೆ ಹಾನಿಯಾಯಿತು. ಸತ್ತವರು 36 ಮಂದಿ. ಅಷ್ಟು ಜನನಿಬಿಡ ಪ್ರದೇಶದಲ್ಲಿ ಹಿಂದಿನ ಕಾಲವಾಗಿದ್ದರೆ ಸಾವು ನೂರಾರು ಆಗುತ್ತಿತ್ತು. ಮಾಮೂಲಿ ಎಚ್ಚರಿಕೆ ಸಾಲದೆಂದು ಕಂಡ ನಾರ್ಮನ್ ಕಚೇರಿ ಅಂದು ‘ಟಾರ್ನೆಡೊ ತುರ್ತುಸ್ಥಿತಿ’ ಎಂಬ ಹೊಸ ಮಾತನ್ನು ಬಳಸಿತು. ಒಂದು ಕಾಲದಲ್ಲಿ ಉಚ್ಚರಿಸಲೂ ಬಾರದಿದ್ದ ಪದಕ್ಕೆ ಈಗ ಇನ್ನಷ್ಟು ತೂಕ ಸೇರಿಸಬೇಕಾಗಿ ಬಂದದ್ದು ಇತಿಹಾಸದ ವಿಚಿತ್ರ!

ರೇಡಾರಿಗೆ ಕಾಣದ್ದು

ಹಾಗಾದರೆ ಊರಂಚಿನಲ್ಲಿ ನಿಂತು ಆಕಾಶ ನೋಡುವ ವೀಕ್ಷಕನ ಕೆಲಸ ಮುಗಿಯಿತೇ? ಇಲ್ಲ. ಕಾರಣ ಸರಳ ಜ್ಯಾಮಿತಿ. ರೇಡಾರ್ ಕಿರಣ ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಭೂಮಿ ಬಾಗಿದೆ. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 100 ಕಿ.ಮೀ. ದೂರ ತಲುಪುವಾಗ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಅದರ ಕೆಳಗೆ ನಡೆಯುವುದು ರೇಡಾರಿಗೆ ಕಾಣದು. ಮೋಡ ತಿರುಗುತ್ತಿದೆ ಎಂದು ರೇಡಾರ್ ಹೇಳಬಲ್ಲದು. ಸೊಂಡಿಲು ನೆಲ ಮುಟ್ಟಿದೆ ಎನ್ನಲು ಕಣ್ಣೇ ಬೇಕು. ಹೀಗಾಗಿ 1970ರ ದಶಕದಲ್ಲಿ ರೂಪುಗೊಂಡ ‘ಸ್ಕೈವಾರ್ನ್’ ಎಂಬ ಸ್ವಯಂಸೇವಕ ಜಾಲ ಇಂದಿಗೂ ಬೆಳೆಯುತ್ತಿದೆ. ಅದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ತರಬೇತಿ ಪಡೆದವರಿದ್ದಾರೆ. ರೈತರು, ಲಾರಿ ಚಾಲಕರು, ಪೊಲೀಸರು, ಹ್ಯಾಮ್ ರೇಡಿಯೊ ಹವ್ಯಾಸಿಗಳು ಹೀಗೆ ಎಲ್ಲ ಬಗೆಯವರು. ಮೋಡದ ಬುಡ ಇಳಿದಿದೆಯೇ, ತಿರುಗುತ್ತಿದೆಯೇ, ಆಲಿಕಲ್ಲು ಎಷ್ಟು ದಪ್ಪ ಎಂದು ಅವರು ತಿಳಿಸುತ್ತಾರೆ. 2010ರ ದಶಕದ ಆರಂಭದಲ್ಲಿ ಸುಧಾರಿಸಿದ ರೇಡಾರ್‌ಗಳು ಗಾಳಿಗೆ ಹಾರಿದ ಹಲಗೆ, ತಗಡಿನ ಚೂರುಗಳನ್ನು ಮಳೆಹನಿಗಳಿಂದ ಬೇರ್ಪಡಿಸಿ ಗುರುತಿಸಬಲ್ಲವು. ಆದರೆ ಅದು ಕಾಣುವ ಹೊತ್ತಿಗೆ ಯಾರದೋ ಮನೆ ಮುರಿದಿರುತ್ತದೆ.

ಜಾಪ್ಲಿನ್ ಎತ್ತಿದ ಪ್ರಶ್ನೆ

2011ರ ಮೇ 22, ಭಾನುವಾರದ ಸಂಜೆ. ಮಿಸೌರಿಯ ಜಾಪ್ಲಿನ್ ನಗರಕ್ಕೆ ಸುಂಟರಗಾಳಿ ಬಡಿದು ಸುಮಾರು 160 ಜನ ಸತ್ತರು. ಡಾಪ್ಲರ್ ರೇಡಾರ್ ಇತ್ತು, ವೀಕ್ಷಕರಿದ್ದರು, ದೂರದರ್ಶನ ವಾಹಿನಿಗಳಿದ್ದವು. ನೆಲ ಮುಟ್ಟುವುದಕ್ಕೆ 17 ನಿಮಿಷ ಮೊದಲೇ ಎಚ್ಚರಿಕೆ ಹೊರಟಿತ್ತು. ಸೈರನ್ ಎರಡು ಬಾರಿ ಮೊಳಗಿತ್ತು. ಮತ್ತೇಕೆ ಇಷ್ಟು ಸಾವು?

ಹವಾಮಾನ ಸೇವೆಯ ತಂಡ ಬದುಕುಳಿದವರನ್ನು ಮಾತನಾಡಿಸಿತು. ಮೊದಲ ಸೈರನ್ ಕೇಳಿದ ಕೂಡಲೇ ಬಹುಪಾಲು ಜನ ಆಶ್ರಯಕ್ಕೆ ಹೋಗಿರಲಿಲ್ಲ. ಕೆಲವರು ಹೊರಗೆ ಬಂದು ಆಕಾಶ ನೋಡಿದರು, ಕೆಲವರು ಟಿ.ವಿ. ಹಾಕಿದರು, ಕೆಲವರು ಬಂಧುಗಳಿಗೆ ಫೋನ್ ಮಾಡಿದರು. ಸೈರನ್ ಪದೇಪದೇ ಕೂಗಿ ಏನೂ ಆಗದಿದ್ದುದನ್ನು ಅವರು ನೋಡಿದ್ದರು. ಆ ಕಾಲಕ್ಕೆ ಅಮೆರಿಕದಲ್ಲಿ ಹೊರಡುತ್ತಿದ್ದ ಸುಂಟರಗಾಳಿ ಎಚ್ಚರಿಕೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಹುಸಿಯಾಗುತ್ತಿದ್ದವು.

ಈಗ ಫಿನ್ಲೆಯ ಲೆಕ್ಕವನ್ನು ನೆನಪಿಸಿಕೊಳ್ಳಿ. 1884ರಲ್ಲಿ 100ಕ್ಕೆ 72 ಹುಸಿ. 2011ರಲ್ಲೂ ಹೆಚ್ಚುಕಡಿಮೆ ಅಷ್ಟೇ. 127 ವರ್ಷಗಳಲ್ಲಿ ವಿಜ್ಞಾನ ಒಂದು ಹೆಜ್ಜೆಯೂ ಮುಂದಿಡಲಿಲ್ಲವೇ? ಹಾಗೆಂದುಕೊಂಡರೆ ತಪ್ಪಾದೀತು. ಫಿನ್ಲೆಯ ಒಂದು ವಿಭಾಗ ನಮ್ಮ ಎಷ್ಟೋ ಜಿಲ್ಲೆಗಳಷ್ಟು ವಿಶಾಲ. ಅವಧಿ ಹಲವು ಗಂಟೆ. 2007ರ ಅಕ್ಟೋಬರ್‌ನಿಂದ ಅಮೆರಿಕದ ಎಚ್ಚರಿಕೆ ಇಡೀ ಜಿಲ್ಲೆಗೂ ಅಲ್ಲ, ಬಿರುಗಾಳಿಯ ಹಾದಿಯಲ್ಲಿ ಎಳೆದ ಒಂದು ಬಹುಭುಜಾಕೃತಿಗೆ ಮಾತ್ರ ಅನ್ವಯಿಸುತ್ತದೆ. ಅವಧಿ ಮುಕ್ಕಾಲು ಗಂಟೆಯ ಆಸುಪಾಸು. ಅಷ್ಟು ಚಿಕ್ಕ ಗುರಿಗೆ ಅಷ್ಟೇ ಪಾಲು ಬಾಣಗಳು ತಾಗುತ್ತಿವೆ ಎಂದರೆ ಬಿಲ್ಲುಗಾರನ ಕೌಶಲ ಎಷ್ಟೋ ಪಟ್ಟು ಹೆಚ್ಚಿದೆ ಎಂದೇ ಅರ್ಥ. ಹುಸಿಗಳನ್ನು ಇನ್ನಷ್ಟು ತಗ್ಗಿಸಲು ಒಂದು ಸುಲಭೋಪಾಯವಿದೆ: ಖಚಿತವಾದಾಗ ಮಾತ್ರ ಹೇಳುವುದು. ಆದರೆ ಆಗ ತಪ್ಪಿಹೋಗುವ ಸುಂಟರಗಾಳಿಗಳು ಹೆಚ್ಚುತ್ತವೆ. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಯಾವುದರ ಬೆಲೆ ಹೆಚ್ಚು? ಹುಸಿ ಎಚ್ಚರಿಕೆಯ ಬೆಲೆ ನೆಲಮಾಳಿಗೆಯಲ್ಲಿ ಕಳೆದ ಅರ್ಧ ಗಂಟೆ. ತಪ್ಪಿಹೋದ ಎಚ್ಚರಿಕೆಯ ಬೆಲೆ ಮರ್ಫಿಸ್‌ಬರೊ.

ಜಾಪ್ಲಿನ್ ನಂತರ ಬದಲಾದದ್ದು ಹೇಳುವ ರೀತಿ. 2012ರಿಂದ ಎಚ್ಚರಿಕೆಯಲ್ಲಿ ಆಗಬಹುದಾದ ಹಾನಿಯ ಮಟ್ಟವನ್ನೂ ಸೇರಿಸಿ ಹೇಳುವ ಪ್ರಯೋಗ ಮಿಸೌರಿ, ಕಾನ್ಸಾಸ್‌ಗಳಲ್ಲಿ ಆರಂಭವಾಗಿ ಬೇರೆಡೆಗೂ ಹಬ್ಬಿತು. ಅದೇ ವರ್ಷದಿಂದ ಅಪಾಯದ ಪ್ರದೇಶದಲ್ಲಿರುವ ಮೊಬೈಲ್‌ಗಳಿಗೆ ನೇರವಾಗಿ ಸಂದೇಶ ಹೋಗುತ್ತಿದೆ.

ನಮಗೇನು?

ಸುಂಟರಗಾಳಿ ಅಮೆರಿಕದ ಸೊತ್ತಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕಗಂಜ್ ಜಿಲ್ಲೆಯ ದೌಲತ್‌ಪುರ, ಸಾಟುರಿಯ ಪ್ರದೇಶಕ್ಕೆ ಬಡಿದ ಸುಂಟರಗಾಳಿ ಸುಮಾರು 1300 ಜನರನ್ನು ಬಲಿ ತೆಗೆದುಕೊಂಡಿತು. ದಾಖಲೆಯಲ್ಲಿರುವ ಅತ್ಯಂತ ಮಾರಕ ಸುಂಟರಗಾಳಿ ಅದು. ಪಶ್ಚಿಮ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆ 2024ರ ಮಾರ್ಚ್ 31ರಂದು ಇಂಥದೇ ಆಘಾತಕ್ಕೆ ಒಳಗಾಯಿತು. ಕರ್ನಾಟಕದಲ್ಲಿ ಇವು ತೀರ ಅಪರೂಪ. ಆದರೆ ಮುಂಗಾರಿಗೆ ಮೊದಲು ಏಪ್ರಿಲ್, ಮೇ ತಿಂಗಳುಗಳಲ್ಲಿ ಏಳುವ ಗುಡುಗುಮೋಡಗಳು ಸಿಡಿಲು, ಆಲಿಕಲ್ಲು, ಮರ ಉರುಳಿಸುವ ಬಿರುಗಾಳಿಗಳನ್ನು ಪ್ರತಿ ವರ್ಷ ತರುತ್ತವೆ. ಭಾರತದಲ್ಲಿ 2002ರಲ್ಲಿ ಚೆನ್ನೈನಿಂದ ಆರಂಭವಾದ ಡಾಪ್ಲರ್ ಹವಾಮಾನ ರೇಡಾರ್‌ಗಳ ಸರಣಿ ಬೆಳೆಯುತ್ತಿದೆ. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನು ಜಿಲ್ಲಾವಾರು ನೀಡುತ್ತದೆ. ಹಳದಿ, ಕಿತ್ತಳೆ, ಕೆಂಪು ಬಣ್ಣದ ಸೂಚನೆಗಳು ಈಗ ಎಲ್ಲರಿಗೂ ಪರಿಚಿತ.

ಅಷ್ಟೇ ಪರಿಚಿತವಾದದ್ದು ಅವುಗಳ ಬಗೆಗಿನ ಲೇವಡಿ. ‘ಮಳೆ ಬರುತ್ತದೆ ಎಂದು ಇಲಾಖೆ ಹೇಳಿದೆಯೇ? ಹಾಗಾದರೆ ಕೊಡೆ ಮನೆಯಲ್ಲೇ ಇರಲಿ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇನ್ನೊಮ್ಮೆ ಸಿಡಿಲಿನ ಎಚ್ಚರಿಕೆ ಹುಸಿಯಾದಾಗ ಒಂದು ಕ್ಷಣ ಗಿಲ್ಬರ್ಟನ ಲೆಕ್ಕ ಮಾಡಿ ನೋಡಿ. ಸದಾ ‘ಏನೂ ಆಗುವುದಿಲ್ಲ’ ಎನ್ನುವವನು ನೂರಕ್ಕೆ ತೊಂಬತ್ತೆಂಟು ಬಾರಿ ಗೆಲ್ಲುತ್ತಾನೆ. ಉಳಿದ ಎರಡು ಬಾರಿ ಹೊಲದ ಮರದಡಿ ನಿಂತವರು ಯಾರು ಎಂಬುದೇ ಪ್ರಶ್ನೆ. ಮೊಬೈಲ್‌ಗೆ ಸಂದೇಶ ಬಂದಾಗ ಆಕಾಶ ನೋಡಲು ಅಂಗಳಕ್ಕೆ ಇಳಿಯುವ ಮೊದಲು, ಹೊಲದಲ್ಲಿರುವವರನ್ನು ಮನೆಯೊಳಗೆ ಕರೆಯಿರಿ. ಏನೂ ಆಗದಿದ್ದರೆ ಅರ್ಧ ಗಂಟೆಯ ಕೆಲಸ ಕೆಟ್ಟೀತು, ಅಷ್ಟೇ.